ಹಂಡೆಯ ಕಂಠದ ಮೇಲಿನ ಹೆಸರು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಹಳೆಯ ಮನೆಗಳ ಬಚ್ಚಲಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು ತಾಮ್ರದ ಹಂಡೆ ಉಳಿದಿದೆ. ತಳ ಮಸಿ ಹಿಡಿದು ಕರ್ರಗಾಗಿರುತ್ತದೆ, ಹೊಟ್ಟೆಯ ತುಂಬ ಸುತ್ತಿಗೆ ಪೆಟ್ಟಿನ ಗುರುತು. ಹುಣಸೆಹಣ್ಣು, ಉಪ್ಪು ಹಚ್ಚಿ ಕಂಠವನ್ನು ಗಸಗಸ ತಿಕ್ಕಿದರೆ ಕಿಲುಬಿನ ಅಡಿಯಿಂದ ಚುಕ್ಕಿಗಳು ಮೇಲೇಳುತ್ತವೆ. ಚುಕ್ಕಿಗಳು ಕೂಡಿ ಅಕ್ಷರವಾಗುತ್ತವೆ. ಮೊದಲು 'ಚಿ. ಸೌ.', ಆಮೇಲೆ ಮದುಮಗಳ ಹೆಸರು, ಆಮೇಲೆ ಕೊಟ್ಟವರ ಹೆಸರು, ಊರು, ಒಮ್ಮೊಮ್ಮೆ ಇಸವಿ. ಬರೆದವನು ಬರಹ ಕಲಿತವನಲ್ಲ, ಪಾತ್ರೆ ಅಂಗಡಿಯ ಕಟ್ಟೆಯ ಮೇಲೆ ಸಣ್ಣ ಉಳಿ, ಸಣ್ಣ ಸುತ್ತಿಗೆ ಹಿಡಿದು ಕೂತವನು. ಗಿರಾಕಿ ಬಾಯಿಂದ ಹೇಳಿದ್ದನ್ನು ಅವನು ಚುಕ್ಕಿ ಚುಕ್ಕಿಯಾಗಿ ಬಡಿದಿದ್ದಾನೆ. ಹೀಗಾಗಿ ಒತ್ತಕ್ಷರ ತಪ್ಪಿರುತ್ತವೆ, ಸಾಲು ಓರೆಯಾಗಿರುತ್ತದೆ, ಹೆಸರು ಉದ್ದವಾದರೆ ಕೊನೆಯ ಅಕ್ಷರಗಳು ಒಂದರ ಮೈಮೇಲೊಂದು ಬಿದ್ದಿರುತ್ತವೆ. ರಾಮದುರ್ಗದಂಥ ಮರಾಠಿ ಕಾರಭಾರವಿದ್ದ ಕಡೆ ಬರಹ ದೇವನಾಗರಿಯಲ್ಲೂ ಇದ್ದೀತು.

ಈ ಹೆಸರುಗಳ ಬಗ್ಗೆ ಯಾರೂ ಹೆಚ್ಚು ಬರೆದಿಲ್ಲ. ಆದರೆ ಎರಡು ಮೂರು ತಲೆಮಾರಿನ ಹಿಂದೆ ಈ ಭಾಗದ ಒಂದು ಮನೆತನದ ತೂಕ ಎಷ್ಟು ಎಂದು ತಿಳಿಯಲು ಅಡುಗೆಮನೆಯ ಭಾಂಡೆ ನೋಡಿದರೆ ಸಾಕಿತ್ತು. ಹಂಡೆ, ಕೊಡ, ಚರಗಿ, ತಂಬಿಗೆ, ಪರಾತ, ಗಂಗಾಳ, ಬೋಗುಣಿ. ದೊಡ್ಡದರ ಮೇಲೆ ಸಣ್ಣದನ್ನಿಟ್ಟು ಗೋಡೆಗುಂಟ ಜೋಡಿಸಿದ ತಾಮ್ರ ಹಿತ್ತಾಳೆಯ ಸಾಲು ಬಂದವರ ಕಣ್ಣಿಗೆ ಬೀಳುವಂತೆಯೇ ಇರುತ್ತಿತ್ತು. ಸೊಸೆ ಬಂದ ಮರುದಿನ ಓಣಿಯ ಹೆಣ್ಣುಮಕ್ಕಳು ಕೇಳುತ್ತಿದ್ದ ಮೊದಲ ಮಾತು, "ತವರಿನವ್ರು ಭಾಂಡೆ ಏನೇನು ಕೊಟ್ಟಾರ?"

ಎರೆಹೊಲದ ಈ ಸೀಮೆಯಲ್ಲಿ ಕೈಯಲ್ಲಿ ರೊಕ್ಕ ಆಡುತ್ತಿದ್ದುದು ಹತ್ತಿ ಮಾರಿದ ಮೇಲೆ. ಬೈಲಹೊಂಗಲದ ಹತ್ತಿ ಪೇಟೆ ಹೆಸರಾದದ್ದು. ಆ ರೊಕ್ಕದಲ್ಲಿ ಒಂದಿಷ್ಟು ಬಂಗಾರಕ್ಕೆ, ಒಂದಿಷ್ಟು ತಾಮ್ರಕ್ಕೆ ಹೋಗುತ್ತಿತ್ತು. ದೊಡ್ಡ ಮದುವೆಯಾದರೆ ಭಾಂಡೆ ಖರೀದಿಗೆ ಬೆಳಗಾವಿಗೇ ಗಾಡಿ ಹೂಡಬೇಕು. ತಾಮ್ರ ಹಿತ್ತಾಳೆ ಪಾತ್ರೆಯ ಕಸುಬು ಹಿಡಿದ ಬೋಗಾರರ ಹೆಸರನ್ನು ಹೊತ್ತ ಬೋಗಾರವೇಸ್ ಇಂದಿಗೂ ಆ ಊರಿನ ನಡುಮಧ್ಯದಲ್ಲಿದೆ. ತಂದ ಪಾತ್ರೆಗೆ ಮುಂದೆಯೂ ಆರೈಕೆ ಬೇಕು. ಅಡುಗೆಯ ತಾಮ್ರಕ್ಕೆ ಹುಳಿ ತಾಗಿದರೆ ಕಿಲುಬು ಏಳುತ್ತದೆ, ಅದಕ್ಕೆ ಕಲಾಯಿ ಹಾಕಿಸಬೇಕು. ಕಲಾಯಿಯವನು ಬೀದಿಯಲ್ಲಿ ಕುಳಿ ತೋಡಿ, ತಿದಿ ಊದಿ, ಕಾದ ಪಾತ್ರೆಗೆ ನವಸಾಗರ ಉದುರಿಸಿ, ತವರದ ಕಡ್ಡಿ ತಾಗಿಸಿ, ಅರಳೆಯಿಂದ ಒಂದೇ ಸುತ್ತು ಒರೆಸಿದರೆ ಒಳಮೈ ಬೆಳ್ಳಿಯಂತೆ ಹೊಳೆಯುತ್ತಿತ್ತು. ಈಗ ಆ ಕಸುಬಿನವರು ಬಲು ವಿರಳ.

ಮದುವೆಯ ಚಪ್ಪರದಲ್ಲಿ ಈ ತಾಮ್ರಕ್ಕೆ ಇನ್ನೊಂದು ಜೀವ ಬರುತ್ತದೆ. ಅಕ್ಕಿಕಾಳು ಬಿದ್ದ ಮೇಲೆ ಆಯೇರಿ ಶುರು. ಒಬ್ಬರು ಪಟ್ಟಿ ಪುಸ್ತಕ ಹಿಡಿದು ಕೂಡುತ್ತಾರೆ. ಯಾರು, ಯಾವ ಊರು, ಏನು ಕೊಟ್ಟರು ಎಂಬುದನ್ನು ಬರೆದುಕೊಳ್ಳುತ್ತಾರೆ, ಮೈಕು ಬಂದ ಮೇಲೆ ಅದರಲ್ಲೇ ಕೂಗಿ ಹೇಳುತ್ತಾರೆ. ಸೋದರಮಾವ ಕೊಟ್ಟ ಕೊಡ, ಅತ್ತೆಯ ಮನೆಯವರು ಕೊಟ್ಟ ಪರಾತ, ನೆರೆಯವರ ತಂಬಿಗೆ, ಎಲ್ಲವೂ ನೂರಾರು ಮಂದಿಯ ಕಿವಿಗೆ ಬೀಳಬೇಕು. ಆ ಪುಸ್ತಕ ಮದುವೆ ಮುಗಿದರೂ ಟ್ರಂಕಿನಲ್ಲಿ ಜೋಪಾನವಾಗಿರುತ್ತದೆ. ನಾಳೆ ಅವರ ಮನೆಯ ಮದುವೆಗೆ ಮುಯ್ಯಿ ತೀರಿಸಬೇಕು, ಅದೂ ಒಂದು ತೂಕ ಹೆಚ್ಚಾಗಿಯೇ. ಕಡಿಮೆಯಾದರೆ ಹೇಳುವವರು ಇರಲಿಕ್ಕಿಲ್ಲ, ನೆನಪಿಡುವವರು ಇದ್ದೇ ಇರುತ್ತಾರೆ.

ಕೊಡುವುದರಿಂದಲೇ ಮರ್ಯಾದೆ ಬೆಳೆಯುವ, ಕೊಟ್ಟದ್ದನ್ನು ಸಾಕ್ಷಿಗಳ ಮುಂದೆ ಕೂಗಿ ಹೇಳುವ, ತಾಮ್ರವೇ ಅದರ ಗುರುತಾಗುವ ಇನ್ನೊಂದು ಸಮಾಜ ಭೂಮಿಯ ಮತ್ತೊಂದು ಬದಿಯಲ್ಲಿದೆ. ಕೆನಡಾದ ಪಶ್ಚಿಮ ಕರಾವಳಿಯಲ್ಲಿ, ವ್ಯಾಂಕೂವರ್ ದ್ವೀಪದ ಉತ್ತರ ಭಾಗ ಮತ್ತು ಅದರೆದುರಿನ ಕಡಲತಡಿಯಲ್ಲಿ ಬಾಳುವ ಕ್ವಾಕ್ವಾಕಾವಾಕ್ವ ಜನರದು. ಅವರ ತಾಮ್ರ ಪಾತ್ರೆಯಲ್ಲ, ಹಲಗೆ. ಮೇಲ್ಭಾಗ ಗುರಾಣಿಯಂತೆ ಅಗಲ, ಕೆಳಭಾಗ ಕಿರಿದು, ನಡುವೆ ಇಂಗ್ಲಿಷಿನ 'ಟಿ' ಅಕ್ಷರದಂತೆ ಎದ್ದ ಏಣು. ಮೇಲ್ಭಾಗದಲ್ಲಿ ಆ ಕುಲದ ಲಾಂಛನದ ಮುಖ. ಹಿಂದೆ ಉತ್ತರದ ಅಲಾಸ್ಕಾ ಕಡೆಯಿಂದ ಬರುತ್ತಿದ್ದ ತಾಮ್ರವನ್ನೇ ಬಡಿಯುತ್ತಿದ್ದರು, ಯುರೋಪಿನ ಹಡಗುಗಳು ಬಂದ ಮೇಲೆ ವ್ಯಾಪಾರದ ತಾಮ್ರದ ತಗಡು ಹೇರಳವಾಯಿತು. ಇದರಲ್ಲಿ ನೀರು ಕಾಯಿಸಲಾಗದು, ಅಡುಗೆ ಮಾಡಲಾಗದು. ಆದರೂ ಅವರ ಲೋಕದಲ್ಲಿ ಇದಕ್ಕಿಂತ ದೊಡ್ಡ ಸಂಪತ್ತಿರಲಿಲ್ಲ.

ಪ್ರತಿ ತಾಮ್ರಕ್ಕೂ ಒಂದು ಹೆಸರಿತ್ತು, ಒಂದು ಚರಿತ್ರೆಯಿತ್ತು. ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್ ಅದೇ ಸೀಮೆಯ ಜಾರ್ಜ್ ಹಂಟ್ ಅವರ ನೆರವಿನಿಂದ ಸಂಗ್ರಹಿಸಿ 1897ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಂಥ ಕೆಲವು ಹೆಸರುಗಳಿವೆ. ಉಳಿದ ತಾಮ್ರಗಳೆಲ್ಲ ಮುಖ ಎತ್ತಿ ನೋಡಲು ನಾಚುವಂಥದ್ದು ಎಂಬ ಅರ್ಥದ ಹೆಸರಿನದೊಂದು 7,500 ಕಂಬಳಿಗೆ ಕೈ ಬದಲಾಗಿತ್ತು. ಮನೆಯಲ್ಲಿ ಕಂಬಳಿಯೇ ಉಳಿಯದಂತೆ ಮಾಡುವಂಥದ್ದು ಎಂಬ ಹೆಸರಿನ ಇನ್ನೊಂದಕ್ಕೆ 5,000 ಕಂಬಳಿ. ಹಡ್ಸನ್ಸ್ ಬೇ ಕಂಪನಿಯ ಉಣ್ಣೆಯ ಕಂಬಳಿಯೇ ಆಗ ಅಲ್ಲಿನ ಲೆಕ್ಕದ ನಾಣ್ಯ. ಪೊಟ್‌ಲ್ಯಾಚ್ ಎಂಬ ಮಹಾಸಂತರ್ಪಣೆಯಲ್ಲಿ ತಾಮ್ರ ಒಬ್ಬ ಮುಖ್ಯಸ್ಥನಿಂದ ಇನ್ನೊಬ್ಬನಿಗೆ ದಾಟುವಾಗ ಬೆಲೆ ಏರುತ್ತ ಹೋಗುತ್ತಿತ್ತು. ಬಂದ ದುಡ್ಡನ್ನು ಪೆಟ್ಟಿಗೆಯಲ್ಲಿಡುವಂತಿಲ್ಲ, ನೆರೆದವರಿಗೆಲ್ಲ ಹಂಚಬೇಕು. ಉಡುಗೊರೆ ಪಡೆದ ಅತಿಥಿ ಅಲ್ಲಿ ಸಾಕ್ಷಿ. ಹೆಸರು, ಪದವಿ, ಹಾಡಿನ ಹಕ್ಕು ಯಾರಿಗೆ ಸಂದಿತು ಎಂಬುದನ್ನು ಅವನು ಮುಂದೆ ನೆನಪಿನಿಂದ ನುಡಿಯಬೇಕು. ಎದುರಾಳಿಗೆ ಸವಾಲೆಸೆಯಬೇಕೆಂದರೆ ಮುಖ್ಯಸ್ಥ ತನ್ನ ತಾಮ್ರದ ಒಂದು ತುಂಡನ್ನೇ ಕತ್ತರಿಸಿ ಕೊಡುತ್ತಿದ್ದ, ಎದುರಾಳಿ ಅಷ್ಟೇ ಬೆಲೆಯ ತಾಮ್ರ ಮುರಿಯದಿದ್ದರೆ ಅವನ ಹೆಸರು ಕೆಳಗೆ ಬೀಳುತ್ತಿತ್ತು. ಫ್ರೆಂಚ್ ವಿದ್ವಾಂಸ ಮಾರ್ಸೆಲ್ ಮೋಸ್ 1925ರಲ್ಲಿ ಕೊಡುಗೆಯ ಕುರಿತು ಬರೆದ ಪ್ರಸಿದ್ಧ ಪ್ರಬಂಧಕ್ಕೆ ಈ ತಾಮ್ರಗಳು ದೊಡ್ಡ ಆಧಾರ.

ಬೈಲಹೊಂಗಲದ ಹಂಡೆಯನ್ನು ಯಾರೂ ಸವಾಲಿಗೆಂದು ಮುರಿಯಲಿಲ್ಲ. ಅದು ದಿನಬೆಳಗಾದರೆ ನೀರು ಕಾಯಿಸುವ ಸಾಮಾನು. ಅಲ್ಲಿ ಹೆಸರು ತಾಮ್ರದ್ದೇ, ಇಲ್ಲಿ ಹೆಸರು ಕೊಟ್ಟವರದು ಮತ್ತು ಪಡೆದವಳದು. ಈ ವ್ಯತ್ಯಾಸ ಸಣ್ಣದಲ್ಲ. ಆದರೂ ಒಂದು ಮಾತಿನಲ್ಲಿ ಎರಡೂ ಸಮಾಜ ಕೂಡುತ್ತವೆ: ತಾಮ್ರದ ಬೆಲೆ ತಕ್ಕಡಿಯಲ್ಲಿಲ್ಲ. ಯಾರ ಕೈಯಿಂದ ಯಾರ ಕೈಗೆ, ಯಾರೆದುರಿಗೆ ಹೋಯಿತು ಎಂಬುದೇ ಅದರ ಬೆಲೆ.

ಈ ನಂಬಿಕೆ ಬೆಳಗಾವಿ ಸೀಮೆಗೆ ಹೊಸದೂ ಅಲ್ಲ. ಕಿತ್ತೂರಿನ ಪಶ್ಚಿಮಕ್ಕೆ ಖಾನಾಪುರ ತಾಲೂಕಿನ ಹಲಸಿ, ಕದಂಬರ ಕಾಲದ ಪಲಾಶಿಕೆ. ಅಲ್ಲಿ ಸಿಕ್ಕ ಕದಂಬ ತಾಮ್ರಪಟಗಳನ್ನು ಜೆ. ಎಫ್. ಫ್ಲೀಟ್ 1870ರ ದಶಕದಲ್ಲಿ ಓದಿ ಪ್ರಕಟಿಸಿದರು. ಐದನೆಯ ಶತಮಾನದ ಕಾಕುಸ್ಥವರ್ಮ ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಹೊಲ ಕೊಟ್ಟ ವಿಷಯ ಒಂದರಲ್ಲಿದೆ. ಮುಂದೆ ರವಿವರ್ಮನ ಕಾಲದ ಪಟದಲ್ಲಿ ಅದೇ ಮನೆತನದ ದತ್ತಿ ತಲೆಮಾರಿನಿಂದ ತಲೆಮಾರಿಗೆ ಹೇಗೆ ದಾಟಿತು ಎಂಬ ವಿವರವಿದೆ. ಕಲ್ಲಿನ ಶಾಸನ ಊರ ಮುಂದೆ, ಗುಡಿಯ ಮುಂದೆ ನಿಲ್ಲುತ್ತದೆ. ಸುಗಂಧವರ್ತಿ ಎನಿಸಿದ್ದ ಸವದತ್ತಿಯಲ್ಲಿ ರಟ್ಟರು ಬರೆಸಿದ್ದೆಲ್ಲ ಅಂಥವು. ತಾಮ್ರಪಟ ಹಾಗಲ್ಲ, ಪಡೆದವನ ಮನೆಯೊಳಗೆ ಹೋಗಿ ಕೂಡುತ್ತದೆ. ಮೂರು ನಾಲ್ಕು ತಗಡು, ಅವನ್ನು ಪೋಣಿಸಿದ ಬಳೆ, ಬಳೆಯ ಮೇಲೆ ಅರಸನ ಮುದ್ರೆ. ಮನೆತನದವರು ಅದನ್ನು ದೇವರ ಜಗಲಿಯ ಮೇಲಿಟ್ಟೋ ನೆಲದಲ್ಲಿ ಹೂತಿಟ್ಟೋ ಕಾಯುತ್ತಿದ್ದರು. ನೇಗಿಲು ಹೊಡೆಯುವಾಗ, ಅಡಿಪಾಯ ತೋಡುವಾಗ ತಾಮ್ರಪಟ ಸಿಗುವುದು ಇದೇ ಕಾರಣಕ್ಕೆ.

ಬ್ರಿಟಿಷರು ಬಂದ ಮೇಲೆ ಇಂಥ ಮರ್ಯಾದೆಯ ವಸ್ತುಗಳಿಗೆ ಕಾಗದದ ಕಚೇರಿ ಎದುರಾಯಿತು. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕವನ್ನು ಒಪ್ಪಲಿಲ್ಲ. ಅವನು ಮಾಡಿದ ಮೊದಲ ಕೆಲಸಗಳಲ್ಲೊಂದು ಅರಮನೆಯ ಖಜಾನೆಗೆ ಮುದ್ರೆ ಒತ್ತಿ ಕಾವಲು ಹಾಕಿದ್ದು. ಅಕ್ಟೋಬರ್ 23ರಂದು ಕೋಟೆಯ ಮುಂದಿನ ಕಾಳಗದಲ್ಲಿ ಅವನು ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು, ಭಂಡಾರ ಕಂಪನಿಯ ಪಾಲಾಯಿತು. ರಾಣಿ ಚೆನ್ನಮ್ಮ 1829ರ ಫೆಬ್ರುವರಿಯಲ್ಲಿ ಬೈಲಹೊಂಗಲದ ಸೆರೆಯಲ್ಲಿ ಕಣ್ಣು ಮುಚ್ಚಿದಳು, ಅವಳ ಸಮಾಧಿ ಆ ಊರಲ್ಲಿದೆ. 1852ರ ಕಾಯದೆಯ ಬಲದಿಂದ ಇನಾಮ ಕಮಿಷನ್ ಈ ಭಾಗದ ಜಮೀನುದಾರರನ್ನು ಒಬ್ಬೊಬ್ಬರನ್ನಾಗಿ ಕರೆದು, ಇನಾಮು ಕೊಟ್ಟವರಾರು, ಪುರಾವೆ ಎಲ್ಲಿ ಎಂದು ಕೇಳತೊಡಗಿತು. ಸನದು ಇದ್ದವರು ತೋರಿಸಿದರು, ಇಲ್ಲದವರು ಕಳೆದುಕೊಂಡರು. ಆ ಕಮಿಷನ್ನಿನಲ್ಲಿ ಕೆಲಸ ಮಾಡಿದ್ದ ಅಧಿಕಾರಿ ಚಾರ್ಲ್ಸ್ ಮ್ಯಾನ್ಸನ್ 1858ರ ಮೇ 29ರ ರಾತ್ರಿ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ಬಂಡೆದ್ದ ನರಗುಂದದ ಅರಸ ಬಾಬಾಸಾಹೇಬನ ಕಡೆಯವರ ಕೈಯಲ್ಲಿ ಕೊಲೆಯಾದ. ಮುಂದೆ ಎರಡೇ ವಾರದಲ್ಲಿ ಬಾಬಾಸಾಹೇಬನಿಗೆ ಬೆಳಗಾವಿಯಲ್ಲಿ ಗಲ್ಲಾಯಿತು.

ಕೆನಡಾದ ಕಥೆಯಲ್ಲೂ ಇದೇ ಕೈ ಕಾಣುತ್ತದೆ. ಪೊಟ್‌ಲ್ಯಾಚನ್ನು ದುಂದುವೆಚ್ಚ, ಅನಾಗರಿಕ ಎಂದು ಕರೆದು ಅಲ್ಲಿನ ಸರ್ಕಾರ 1884ರಲ್ಲಿ ನಿಷೇಧದ ಕಾನೂನು ತಂದಿತು. ಜನ ಬಿಡಲಿಲ್ಲ, ದೂರದ ದ್ವೀಪಗಳಿಗೆ ಹೋಗಿ ನಡೆಸಿದರು. 1921ರ ಡಿಸೆಂಬರಿನಲ್ಲಿ ವಿಲೇಜ್ ಐಲ್ಯಾಂಡಿನಲ್ಲಿ ಡ್ಯಾನ್ ಕ್ರಾನ್ಮರ್ ಎಂಬ ಮುಖ್ಯಸ್ಥ ದೊಡ್ಡ ಪೊಟ್‌ಲ್ಯಾಚ್ ನಡೆಸಿದ. ಸುದ್ದಿ ಸರ್ಕಾರಿ ಏಜೆಂಟ್ ವಿಲಿಯಂ ಹ್ಯಾಲಿಡೇಗೆ ಮುಟ್ಟಿತು. 45 ಜನರ ಮೇಲೆ ಮೊಕದ್ದಮೆ ಬಿತ್ತು. ಹಾಡಿದ್ದು, ಕುಣಿದದ್ದು, ಭಾಷಣ ಮಾಡಿದ್ದು, ಉಡುಗೊರೆ ಹಂಚಿದ್ದು, ಇವೇ ಅಪರಾಧ. ಮುಖವಾಡ, ಗಿಲಕಿ, ತಾಮ್ರಗಳನ್ನೆಲ್ಲ ಒಪ್ಪಿಸಿದ ಹಳ್ಳಿಯವರಿಗೆ ಶಿಕ್ಷೆಯಲ್ಲಿ ವಿನಾಯಿತಿ ಎಂದು ಷರತ್ತು ಹಾಕಿದರು. ಒಪ್ಪದ 20 ಜನ ಓಕಲ್ಲಾ ಜೈಲಿಗೆ ಹೋದರು. ಒಪ್ಪಿಸಿದ ಸಾಮಾನನ್ನು ಅಲರ್ಟ್ ಬೇ ಊರಿನ ಚರ್ಚಿನ ಸಭಾಂಗಣದ ಬೆಂಚುಗಳ ಮೇಲೆ ಹರಡಿ ಪ್ರದರ್ಶನ ಮಾಡಿ, ಆಮೇಲೆ ಒಟ್ಟಾವಾ, ಟೊರಾಂಟೊ, ನ್ಯೂಯಾರ್ಕುಗಳಿಗೆ ಹಂಚಿಬಿಟ್ಟರು. ಆ ಬೆಂಚುಗಳ ಮೇಲೆ ಗೋಡೆಗುಂಟ ಆನಿಸಿ ನಿಲ್ಲಿಸಿದ ತಾಮ್ರಗಳ ಛಾಯಾಚಿತ್ರ ಉಳಿದಿದೆ, ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಿಷೇಧ ಕಾನೂನಿನ ಪುಸ್ತಕದಿಂದ ಹೊರಬಿದ್ದದ್ದು 1951ರಲ್ಲಿ. ದಶಕಗಳ ಕಾಲ ಹಟ ಹಿಡಿದು ಕೇಳಿದ ಮೇಲೆ ವಸ್ತುಗಳು ಒಂದೊಂದಾಗಿ ಮರಳಿದವು. ಅವನ್ನಿಡಲೆಂದೇ ಕೇಪ್ ಮಡ್ಜ್‌ನಲ್ಲಿ 1979ರಲ್ಲಿ, ಅಲರ್ಟ್ ಬೇಯಲ್ಲಿ 1980ರಲ್ಲಿ ಅವರದೇ ಸಂಗ್ರಹಾಲಯಗಳು ತೆರೆದವು.

ಮುರಿಯುವ ಪದ್ಧತಿಯೂ ಸತ್ತಿಲ್ಲ. ಶಿಲ್ಪಿ ಮತ್ತು ಮುಖ್ಯಸ್ಥ ಬೋ ಡಿಕ್ 2013ರಲ್ಲಿ ವಿಕ್ಟೋರಿಯಾದ ಶಾಸನಸಭೆಯ ಮೆಟ್ಟಿಲುಗಳ ಮುಂದೆ, 2014ರಲ್ಲಿ ಒಟ್ಟಾವಾದ ಸಂಸತ್ತಿನ ಮುಂದೆ ತಾಮ್ರ ಮುರಿದರು. ಮೂಲನಿವಾಸಿಗಳಿಗೆ ಕೊಟ್ಟ ಮಾತಿಗೆ ತಪ್ಪಿದ ಸರ್ಕಾರವನ್ನು ಎಲ್ಲರೆದುರು ನಾಚಿಸುವ ಅವರ ಹಳೆಯ ಬಗೆ ಅದು.

ಇತ್ತ ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಲೋಹದ ಕೊಡವೊಂದು ಹೊರುವವರ ಸ್ಥಾನವನ್ನೇ ಬದಲಿಸುತ್ತದೆ. ಹಸಿ ಮರಳಿನ ಕೊಡ ಮಾಡಿ, ಹಾವನ್ನು ಸಿಂಬೆ ಸುತ್ತಿ ನೀರು ಹೊತ್ತ ರೇಣುಕೆಯ ಕಥೆಯ ನೆನಪಾಗಿ ಜೋಗತಿಯರು ತಾಮ್ರದ, ಹಿತ್ತಾಳೆಯ ಕೊಡಕ್ಕೆ ದೇವಿಯ ಮುಖ ಕೂಡಿಸಿ, ನವಿಲುಗರಿ ಕಟ್ಟಿ ತಲೆಯ ಮೇಲೆ ಹೊರುತ್ತಾರೆ. ಚೌಡಿಕೆಯ ನುಡಿಗೆ ಕೈಬಿಟ್ಟು ಕುಣಿಯುತ್ತಾರೆ. ಊರಲ್ಲಿ ನೆಲೆಯಿಲ್ಲದ, ಮನೆಯವರೇ ಹೊರಗಿಟ್ಟ ಜೀವಕ್ಕೆ ಆ ಕೊಡ ತಲೆಯ ಮೇಲಿರುವಷ್ಟು ಹೊತ್ತು ಊರಗೌಡನೂ ಕೈ ಮುಗಿಯುತ್ತಾನೆ. ಇಳಿಸಿದ ಮೇಲೆ ಅವರ ಬದುಕು ಎಷ್ಟು ಕಷ್ಟದ್ದು ಎಂಬುದು ಗುಡ್ಡಕ್ಕೆ ಹೋಗಿ ಬಂದ ಎಲ್ಲರಿಗೂ ಗೊತ್ತು.

ಸ್ವತಂತ್ರ ಸರ್ಕಾರವೂ ಮರ್ಯಾದೆ ಮಾಡಬೇಕೆಂದಾಗ ತಾಮ್ರವನ್ನೇ ಆರಿಸಿತು. ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷ 1972ರಲ್ಲಿ ಸ್ವಾತಂತ್ರ್ಯ ಹೋರಾಟಗಾರರಿಗೆ ತಾಮ್ರಪತ್ರ ಕೊಡಲಾಯಿತು. ಅದೇ ವರ್ಷದ ಆಗಸ್ಟ್ 15ರಿಂದ ಪಿಂಚಣಿಯೂ ಶುರುವಾಯಿತು. ಚಳವಳಿಗೆ ಮೈಯೊಡ್ಡಿದ ಬೆಳಗಾವಿ ಜಿಲ್ಲೆಯಲ್ಲಿ ಪಿಂಚಣಿ ತೀರಿಹೋದ ಮನೆಗಳಲ್ಲೂ ಆ ಫಲಕ ಪಡಸಾಲೆಯ ಗೋಡೆಯ ಮೇಲೆ ಉಳಿದಿದೆ.

ಅರಸನ ಪಟದಲ್ಲಿ, ಸರ್ಕಾರದ ಪತ್ರದಲ್ಲಿ ಇರುವುದು ಬಹುಪಾಲು ಗಂಡಸರ ಹೆಸರು. ಹಂಡೆಯ ಮಹತ್ವ ಇಲ್ಲಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯದೆಗೆ ಮುಂಚೆ ಅಣ್ಣತಮ್ಮಂದಿರಿದ್ದ ಮನೆಯ ಮಗಳಿಗೆ ತಂದೆಯ ಹೊಲದಲ್ಲಿ ಪಾಲಿರಲಿಲ್ಲ. ಹಿರಿಯರಿಂದ ಬಂದ ಕೂಡು ಆಸ್ತಿಯಲ್ಲಿ ಮಗನ ಸಮನಾದ ಹಕ್ಕು ಕರ್ನಾಟಕದಲ್ಲಿ ಸಿಕ್ಕಿದ್ದು 1994ರ ತಿದ್ದುಪಡಿಯಿಂದ, ದೇಶಕ್ಕೆಲ್ಲ 2005ರಿಂದ. 1956ಕ್ಕೆ ಮುಂಚೆ ಅವಳದೆಂದು ಹೇಳಬಹುದಾದದ್ದು ಸ್ತ್ರೀಧನ: ಮೈಮೇಲಿನ ಬಂಗಾರ, ತವರಿನ ಭಾಂಡೆ. ಹೊಲದ ಉತಾರದಲ್ಲಿ ಅವಳ ಹೆಸರಿಲ್ಲ, ಶಾಲೆಗೆ ಹೋಗದವಳ ಹೆಸರು ಹಾಜರಿ ಪುಸ್ತಕದಲ್ಲೂ ಇಲ್ಲ, ಮನೆಯ ವಂಶಾವಳಿ ಬರೆದರೆ ಅದರಲ್ಲಿ ಅವಳು ಇನ್ನೊಬ್ಬನ ಹೆಂಡತಿ. ಅವಳ ಸ್ವಂತ ಹೆಸರು ಬರಹದಲ್ಲಿ ಉಳಿದದ್ದು ಹಂಡೆಯ ಕಂಠದ ಮೇಲೆ, ಕೊಡದ ಹೆಗಲ ಮೇಲೆ. ಅದರ ಪಕ್ಕದಲ್ಲಿ ಕೊಟ್ಟ ತಾಯಿಯ, ಅಜ್ಜಿಯ, ಸೋದರತ್ತೆಯ ಹೆಸರೂ ಒಮ್ಮೊಮ್ಮೆ ಇರುತ್ತದೆ. ಒಂದು ಹಳ್ಳಿಯ ನೂರು ಪಾತ್ರೆಗಳ ಹೆಸರು ಓದಿದರೆ ಯಾವ ಊರಿಗೂ ಯಾವ ಊರಿಗೂ ಹೆಣ್ಣು ಕೊಟ್ಟು ತರುವ ಸಂಬಂಧವಿತ್ತು ಎಂಬ ನಕ್ಷೆಯೇ ಸಿಕ್ಕೀತು. ನವಿಲುತೀರ್ಥದ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿ ಬೇರೆಡೆಗೆ ಎದ್ದುಹೋದ ಊರುಗಳ ಹೆಣ್ಣುಮಕ್ಕಳ ಪಾತ್ರೆಗಳಲ್ಲಿ ಹಳೆಯ ಊರಿನ ಹೆಸರು ಹಾಗೇ ಇರುತ್ತದೆ.

ಇದನ್ನು ಬರೀ ಸಿಹಿ ನೆನಪಾಗಿ ಹೇಳಿದರೆ ಅನ್ಯಾಯವಾದೀತು. ಇದೇ ಭಾಂಡೆಗಾಗಿ ಎಷ್ಟೋ ತಂದೆಯಂದಿರು ಹೊಲ ಒತ್ತೆಯಿಟ್ಟಿದ್ದಾರೆ. ಹಂಡೆ ಸಣ್ಣದಾಯಿತೆಂದು ಸೊಸೆ ವರ್ಷಗಟ್ಟಲೆ ಮಾತು ಕೇಳಿದ್ದಾಳೆ. 1961ರ ವರದಕ್ಷಿಣೆ ನಿಷೇಧ ಕಾಯದೆ ಬಂದದ್ದು ಸುಮ್ಮನೆ ಅಲ್ಲ. ಮಳೆ ಕೈಕೊಟ್ಟ ವರ್ಷ ಸಾಹುಕಾರನ ಮನೆಗೆ ಮೊದಲು ಹೋಗುತ್ತಿದ್ದುದೂ ಅವಳ ತವರಿನ ಕೊಡವೇ. ಅದು ತಿರುಗಿ ಬಂದರೆ ಪುಣ್ಯ. ಆ ಕೊಡದಿಂದ ಎಷ್ಟು ಮನೆಗಳ ಒಲೆ ಹತ್ತಿತು ಎಂಬ ಲೆಕ್ಕ ಯಾವ ಪಟ್ಟಿ ಪುಸ್ತಕದಲ್ಲೂ ಇಲ್ಲ.

ಆಮೇಲೆ ಸ್ಟೀಲು ಬಂತು. ಕಲಾಯಿ ಬೇಡ, ಹುಣಸೆಹಣ್ಣು ಬೇಡ, ಹಗುರ. ಗೀಸರು ಬಂದ ಮೇಲೆ ಬಚ್ಚಲ ಹಂಡೆಗೂ ಕೆಲಸ ತಪ್ಪಿತು. ಮನೆ ಕೆಡವಿ ಕಟ್ಟುವಾಗ, ಅಣ್ಣತಮ್ಮಂದಿರು ಪಾಲಾಗುವಾಗ, ಮಗಳ ಮದುವೆಗೆ ಹೊಸ ಪಾತ್ರೆ ಕೊಳ್ಳುವಾಗ ಹಳೆಯ ತಾಮ್ರ ಮೋಡಕಾ ಲೆಕ್ಕದಲ್ಲಿ ತಕ್ಕಡಿ ಏರುತ್ತದೆ. ತಾಮ್ರದ ದರ ಏರಿದಷ್ಟೂ ಅದು ಬೇಗ ಹೊರಬೀಳುತ್ತದೆ. ಅಂಗಡಿಯವನು ಕೊಡುವುದು ಕಿಲೋ ಲೆಕ್ಕ, ಹೆಸರಿನ ಅಕ್ಷರಗಳಿಗೆ ಅದರಲ್ಲಿ ತೂಕವಿಲ್ಲ. ಹಲಸಿಯ ತಗಡುಗಳನ್ನು ಕಂಡುಕೊಂಡವರು ಹೀಗೇ ಕರಗಿಸಿದ್ದರೆ ಶ್ರುತಕೀರ್ತಿ ಎಂಬವನೊಬ್ಬನಿದ್ದ ಎಂಬುದೇ ನಮಗೆ ತಿಳಿಯುತ್ತಿರಲಿಲ್ಲ.

ಈಗ ಪೇಟೆಯಲ್ಲಿ ತಾಮ್ರದ ಬಾಟಲಿ, ತಾಮ್ರದ ಲೋಟ ಮತ್ತೆ ಬಂದಿವೆ. ಆರೋಗ್ಯದ ಹೆಸರಲ್ಲಿ ಕೊಳ್ಳುವ ಆ ಹೊಸ ಪಾತ್ರೆಯ ಮೇಲೆ ಇರುವುದು ಕಂಪನಿಯ ಹೆಸರು. ಹಳೆಯದನ್ನು ಉಳಿಸುವುದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ಹಂಡೆಯನ್ನು ಮಾರಬೇಡಿರೆಂದು ಬಡವರಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ, ಆದರೆ ಮಾರುವ ಮುಂಚೆ ಓದಬಹುದು. ಕಿತ್ತೂರಿನ ಕೋಟೆಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯವಿದೆ, ಬೆಳಗಾವಿಯಲ್ಲಿ ಚೆನ್ನಮ್ಮನ ಹೆಸರಿನದೇ ವಿಶ್ವವಿದ್ಯಾಲಯ 2010ರಿಂದ ಇದೆ, ನಾಲ್ಕೂ ತಾಲೂಕುಗಳಲ್ಲಿ ಪದವಿ ಕಾಲೇಜುಗಳಿವೆ. ಇತಿಹಾಸ ಓದುವ ಹುಡುಗ ಹುಡುಗಿಯರು ಮೊಬೈಲು ಹಿಡಿದು ತಮ್ಮ ತಮ್ಮ ಊರಿನಲ್ಲೇ ಹೊರಡಬಹುದು. ಬರೆದುಕೊಳ್ಳಬೇಕಾದದ್ದು ಇಷ್ಟೇ: ಪಾತ್ರೆ ಯಾವುದು, ಮೇಲಿನ ಬರಹವೇನು, ತಪ್ಪಕ್ಷರವನ್ನೂ ತಿದ್ದದೆ ಹೇಗಿದೆಯೋ ಹಾಗೆ, ಯಾರು ಯಾರಿಗೆ ಕೊಟ್ಟದ್ದು, ಯಾವ ಊರಿನಿಂದ ಯಾವ ಊರಿಗೆ ಬಂದದ್ದು. ಮನೆಯಲ್ಲಿ ಹಿರಿಯ ಹೆಣ್ಣುಮಗಳೊಬ್ಬಳಿದ್ದರೆ ಅವಳ ಬಾಯಲ್ಲಿ ಉಳಿದ ಕಥೆಯೂ ಜೊತೆಗಿರಲಿ. ಮನೆಮನೆ ತಿರುಗುವ ಮೊದಲು ಎರಡು ಜಾಗಕ್ಕೆ ಹೋಗುವುದು ಒಳ್ಳೆಯದು. ಒಂದು, ಊರಿನ ಮಠ, ಗುಡಿಗಳ ಉಗ್ರಾಣ. ಭಕ್ತರು ದಾಸೋಹಕ್ಕೆಂದು ಹೆಸರು ಹಾಕಿಸಿ ಕೊಟ್ಟ ಕೊಪ್ಪರಿಗೆ, ಹಂಡೆಗಳು ಅಲ್ಲಿ ಸಾಲಾಗಿ ಸಿಗುತ್ತವೆ. ಇನ್ನೊಂದು, ಮದುವೆ ಹಂಗಾಮಿನಲ್ಲಿ ಪೇಟೆಯ ಪಾತ್ರೆ ಅಂಗಡಿ. ಅಂಗಡಿಯ ಹಿಂದೆ ಹಳೆಯ ತಾಮ್ರ ಒಟ್ಟಿದ ಮೂಲೆಯಿಂದಲೇ ಓದಲು ಶುರು ಮಾಡಬೇಕು, ಏಕೆಂದರೆ ಅಲ್ಲಿರುವುದು ಮುಂದಿನ ಲಾರಿಗೆ ಹೋಗುತ್ತದೆ.